ಮದ್ದಿನ ಅಳತೆ, ಭುಜದ ಅಳತೆ: ಭಾರಿ ಕೋವಿಯ ಒದೆತವನ್ನು ಪಳಗಿಸಿದ ಕಥೆ

ಉದಕಮಂಡಲದಿಂದ ಕುನ್ನೂರಿಗೆ ಇಳಿಯುವ ಪುಟ್ಟ ರೈಲಿನ ಹಾದಿಯಲ್ಲಿ ಲವ್‌ಡೇಲ್, ಕೇತಿಗಳನ್ನು ದಾಟಿದ ಮೇಲೆ ಅರುವಂಕಾಡು ಎಂಬ ನಿಲ್ದಾಣ ಸಿಗುತ್ತದೆ. ಅಲ್ಲಿರುವ ಕಾರ್ಖಾನೆಯ ಹೆಸರು ನೀಲಗಿರಿಯ ಕನ್ನಡಿಗರಿಗೆಲ್ಲ ಬಾಯಿಪಾಠ. ‘ಕಾರ್ಡೈಟ್’ ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಒಂದು ಬಸ್ ನಿಲ್ದಾಣ, ಒಂದು ವಿಳಾಸ, ಒಂದು ಉದ್ಯೋಗದ ನೆನಪು. ಅದು ಮೂಲತಃ ಒಂದು ಪದಾರ್ಥದ ಹೆಸರು, ದಾರದಂತೆ ಎಳೆಯೆಳೆಯಾಗಿ ತೆಗೆದ ಹೊಗೆಯಿಲ್ಲದ ಕೋವಿಮದ್ದಿನ ಹೆಸರು, ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಆ ಮದ್ದು ಬರುವ ಮೊದಲು ಕಾಡಿನ ಭಾರಿ ಕೋವಿಗಳು ಹೇಗಿದ್ದವು, ಅದು ಬಂದ ಮೇಲೆ ಏನಾಯಿತು, ಕೋವಿಗೆ ಎಷ್ಟು ಮದ್ದು ಹಾಕಬೇಕೆಂಬ ಪ್ರಶ್ನೆಗೆ ಮನುಷ್ಯರು ಎಷ್ಟು ನೋವು ತಿಂದು ಉತ್ತರ ಕಂಡುಕೊಂಡರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಕೋವಿಯ ಮಾತೇಕೆ ಎಂದು ಓದುಗರು ಕೇಳಬಹುದು. ನೀಲಗಿರಿ, ವಯನಾಡು, ತಾಳವಾಡಿ, ಹೊಸೂರುಗಳ ನಡುವೆ ರಾಜ್ಯಗಳ ಗಡಿ ಹಾದುಹೋಗಿದ್ದರೂ ಕಾಡಿನ ಸೆರಗು ಒಂದೇ. ಈ ಕಾಡಿನ ಅಂಚಿನ ಜನರ ಬಾಯಲ್ಲಿ ಕೋವಿ, ನಳಿಗೆ, ಮದ್ದು, ಚರೆ, ಗುಂಡು, ಈಡು, ತೋಟೆ, ಕೇಪು ಎಂಬ ಒಂದು ಪದಸಂಪತ್ತೇ ಇದೆ. ಅದರಲ್ಲಿ ಎರಡು ಮಾತುಗಳು ನಮ್ಮ ಪ್ರಸ್ತುತ ವಿಷಯಕ್ಕೆ ಕೀಲಿಕೈಗಳು. ಮೊದಲನೆಯದು ‘ಒದೆತ’. ಈಡು ಹಾರಿದಾಗ ಕೋವಿಯು ಹಿಂದಕ್ಕೆ ಭುಜಕ್ಕೆ ಬಡಿಯುವುದನ್ನು ನಮ್ಮವರು ‘ಕೋವಿ ಒದೆಯುತ್ತದೆ’ ಎಂದೇ ಹೇಳುತ್ತಾರೆ, ಕೊಟ್ಟಿಗೆಯ ಪಶುವಿನ ಬಗ್ಗೆ ಹೇಳಿದ ಹಾಗೆ. ಎರಡನೆಯದು ‘ಮದ್ದು’. ರೋಗಿಗೆ ಕೊಡುವುದೂ ಮದ್ದು, ನಳಿಗೆಗೆ ತುಂಬುವುದೂ ಮದ್ದು. ಎರಡರಲ್ಲಿಯೂ ಅಳತೆಯೇ ಪ್ರಾಣ. ಅಳತೆ ಮೀರಿದರೆ ಎರಡೂ ಕೊಲ್ಲುತ್ತವೆ. ಅಳತೆ ತಗ್ಗಿದರೂ ಕೆಲವೊಮ್ಮೆ ಕೊಲ್ಲುತ್ತವೆ ಎಂಬುದು ಈ ಚರಿತ್ರೆಯ ವಿಚಿತ್ರ ಪಾಠ.

ಬೋರು ಎಂಬ ಲೆಕ್ಕ

ಹಳೆಯ ಕಾಲದಲ್ಲಿ ನಳಿಗೆಯ ಗಾತ್ರವನ್ನು ಅಂಗುಲಗಳಲ್ಲಿ ಹೇಳುತ್ತಿರಲಿಲ್ಲ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಸರಿಹೊಂದುವ ಎಷ್ಟು ದುಂಡುಗುಂಡುಗಳನ್ನು ಎರೆಯಬಹುದೋ ಅದೇ ಅದರ ‘ಬೋರು’. ಹನ್ನೆರಡು ಗುಂಡು ಆಗುವುದಾದರೆ ಹನ್ನೆರಡು ಬೋರು. ನಾಲ್ಕೇ ಗುಂಡು ಆಗುವುದಾದರೆ ನಾಲ್ಕು ಬೋರು. ಆದ್ದರಿಂದ ಸಂಖ್ಯೆ ಕಿರಿದಾದಷ್ಟೂ ಕೋವಿ ಹಿರಿದು. ನಾಲ್ಕು ಬೋರಿನ ಒಂದು ಗುಂಡಿನ ತೂಕ ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ. ಅದರ ನಳಿಗೆಯ ಬಾಯಿ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಅಗಲ.

ಇಷ್ಟು ದೊಡ್ಡ ಗುಂಡು ಬೇಕಾಗಿದ್ದುದಕ್ಕೆ ಕಾರಣ ಅಂದಿನ ಕರಿಮದ್ದು. ಪೆಟ್ಲುಪ್ಪು 75 ಪಾಲು, ಇದ್ದಿಲು 15 ಪಾಲು, ಗಂಧಕ 10 ಪಾಲು ಸೇರಿದ ಈ ಮಿಶ್ರಣ ಶತಮಾನಗಳ ಕಾಲ ಹೆಚ್ಚು ಬದಲಾಗದೆ ನಡೆದುಬಂತು. ಉರಿದಾಗ ಅದರ ತೂಕದ ಅರ್ಧಕ್ಕಿಂತಲೂ ಹೆಚ್ಚು ಭಾಗ ಹೊಗೆಯಾಗಿಯೋ ಮಸಿಯಾಗಿಯೋ ಉಳಿಯುತ್ತಿತ್ತು. ತಳ್ಳುವ ಅನಿಲವಾಗುತ್ತಿದ್ದುದು ಉಳಿದ ಪಾಲು ಮಾತ್ರ. ಗುಂಡಿನ ವೇಗವನ್ನು ಒಂದು ಮಿತಿಗಿಂತ ಹೆಚ್ಚಿಸುವುದು ಅದರಿಂದ ಸಾಧ್ಯವಿರಲಿಲ್ಲ. ವೇಗ ಹೆಚ್ಚದಿದ್ದರೆ ಉಳಿದ ದಾರಿ ಒಂದೇ: ತೂಕವನ್ನು ಹೆಚ್ಚಿಸುವುದು. ಆನೆ, ಕಾಟಿ, ಘೇಂಡಾಮೃಗಗಳ ಎದುರು ನಿಂತವರು ಹೀಗೆ ಸಣ್ಣ ಫಿರಂಗಿಗಳನ್ನೇ ಹೆಗಲಿಗೇರಿಸಿದರು.

ಇಬ್ಬರು ಬೇಟೆಗಾರರ ಸಾಕ್ಷ್ಯ

1840ರ ದಶಕದಲ್ಲಿ ಸಿಂಹಳಕ್ಕೆ ಬಂದ ಸ್ಯಾಮ್ಯುಯೆಲ್ ಬೇಕರ್ ಈ ಮಾರ್ಗದ ಪ್ರಮುಖ ಪ್ರತಿಪಾದಕ. ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಕೋವಿಗಾರನಿಂದ ಅವನು ಮಾಡಿಸಿದ ಒಂಟಿನಳಿಗೆಯ ರೈಫಲ್ಲಿನ ತೂಕ 21 ಪೌಂಡು, ಅಂದರೆ ಸುಮಾರು ಒಂಬತ್ತೂವರೆ ಕಿಲೋ. ಅದಕ್ಕೆ ತುಂಬುತ್ತಿದ್ದುದು 16 ಡ್ರಾಂ, ಅಂದರೆ ಪೂರಾ ಒಂದು ಔನ್ಸ್ ಮದ್ದು. ಅಂದು ಸಾಮಾನ್ಯ ಕೋವಿಗಳಿಗೆ ಹಾಕುತ್ತಿದ್ದ ಮದ್ದಿಗೆ ಹೋಲಿಸಿದರೆ ಅದು ಹಲವು ಪಟ್ಟು. ಆದರೆ ಬೇಕರನ ಯೋಜನೆಯಲ್ಲಿ ಒಂದು ವಿವೇಕವಿತ್ತು: ಮದ್ದು ಹೆಚ್ಚಿಸಿದವನು ಕೋವಿಯ ತೂಕವನ್ನೂ ಹೆಚ್ಚಿಸಿದ್ದ. ಭಾರವಾದ ಕೋವಿ ಒದೆತದ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತಿತ್ತು.

ಅದೇ ಬೇಕರ್ ಮುಂದೆ ನೈಲ್ ನದಿಯ ಉಪನದಿಗಳ ಪ್ರವಾಸಕ್ಕೆ ಹೊರಟಾಗ ಲಂಡನ್ನಿನ ಹಾಲೆಂಡ್ ಕೋವಿಗಾರರು ಮಾಡಿದ ಇನ್ನೊಂದು ರೈಫಲ್ಲನ್ನು ಒಯ್ದ. ಅರ್ಧ ಪೌಂಡಿನ ಸಿಡಿಗುಂಡು ಹಾರಿಸುವ ಅದಕ್ಕೆ ಅವನಿಟ್ಟ ಹೆಸರು ‘ಬೇಬಿ’. ಅರಬ್ಬೀ ಸೇವಕರು ಅದನ್ನು ‘ಫಿರಂಗಿಯ ಮಗು’ ಎಂದು ಕರೆದರು. ಬಲಿಷ್ಠ ದೇಹದ ಬೇಕರನನ್ನೂ ಆ ಕೂಸು ಬಿರುಗಾಳಿಗೆ ಸಿಕ್ಕಿದ ಗಾಳಿಪಟ್ಟಿಯಂತೆ ಗರ್ರನೆ ತಿರುಗಿಸಿಬಿಡುತ್ತಿತ್ತು. ಅದನ್ನು ಹಾರಿಸುವುದೆಂದರೆ ತನಗೇ ಅಳುಕೆಂದು ಅವನು 1867ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಹಾರಿಸಲು ಒಡೆಯನೇ ಹಿಂಜರಿಯುವ ಕೋವಿ ಎಷ್ಟು ಬಲಶಾಲಿಯಾಗಿದ್ದರೇನು?

ಎರಡನೆಯ ಸಾಕ್ಷ್ಯ ಇನ್ನೂ ಕಟುವಾದುದು. ಫ್ರೆಡರಿಕ್ ಸೆಲೂಸ್ 1871ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದ. ಕೈಯಲ್ಲಿ ಹಣವಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಹಾಲಿಸ್ ತಯಾರಿಕೆಯ ಅಗ್ಗದ ನಾಲ್ಕು ಬೋರಿನ ಬಾಯಿಮದ್ದಿನ ಕೋವಿಗಳೆರಡನ್ನು ಕೊಂಡ. ವ್ಯಾಪಾರಿಗಳು ಚೀಲಗಳಲ್ಲಿ ಮಾರುತ್ತಿದ್ದ ಒರಟು ಮದ್ದನ್ನು ಅಳೆಯದೆ ಕೈಯಳತೆಯಲ್ಲಿ ಸುರಿದು, ನಾಲ್ಕು ಔನ್ಸಿನ ಗುಂಡು ಇಟ್ಟು ಹಾರಿಸುತ್ತಿದ್ದ. ಮೂರು ಋತುಗಳಲ್ಲಿ ಎಪ್ಪತ್ತೆಂಟು ಆನೆಗಳನ್ನು ಈ ಕೋವಿಗಳಿಂದ ಕೊಂದ. ಆದರೆ ತೆತ್ತ ಬೆಲೆಯನ್ನೂ ಬರೆದಿಟ್ಟ. ಒಮ್ಮೆ ಈಡು ಹಾರದೆ ಉಳಿದಾಗ, ಒಳಗೆ ಮದ್ದಿದೆಯೆಂಬುದು ತಿಳಿಯದೆ ಸಹಾಯಕನು ಅದರ ಮೇಲೆಯೇ ಇನ್ನೊಂದು ಈಡು ತುಂಬಿಕೊಟ್ಟ. ಬಿಲ್ಲೆಳೆದಾಗ ಸೆಲೂಸ್ ನೆಲಬಿಟ್ಟು ಎಗರಿ ಬಿದ್ದ. ಮರದ ಹಿಡಿ ಚೂರಾಯಿತು. ಮುಖಕ್ಕೂ ಭುಜಕ್ಕೂ ಪೆಟ್ಟಾಯಿತು. ಇದಕ್ಕಿಂತಲೂ ದೊಡ್ಡ ಗಾಯ ಕಣ್ಣಿಗೆ ಕಾಣದ್ದು. ಆ ಕೋವಿಗಳ ಒದೆತ ತನ್ನ ನರಗಳನ್ನೇ ಕೆಡಿಸಿತೆಂದೂ, ಮುಂದೆ ಜೀವಮಾನವಿಡೀ ತನ್ನ ಗುರಿಯ ಮೇಲೆ ಅದರ ಪರಿಣಾಮ ಉಳಿಯಿತೆಂದೂ, ಅವನ್ನು ಮುಟ್ಟಿದ್ದಕ್ಕೇ ಪಶ್ಚಾತ್ತಾಪವಾಗಿದೆಯೆಂದೂ 1881ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಹೇಳಿಕೊಂಡ.

ಒದೆತಕ್ಕೆ ಹೆದರಿದವನು ಬಿಲ್ಲೆಳೆಯುವ ಕ್ಷಣದಲ್ಲಿ ತನಗರಿವಿಲ್ಲದೆಯೇ ಕಣ್ಣು ಮುಚ್ಚುತ್ತಾನೆ, ಭುಜ ಸೆಟೆಯುತ್ತಾನೆ, ನಳಿಗೆಯನ್ನು ಅಲುಗಿಸುತ್ತಾನೆ. ಗುಂಡು ತಪ್ಪುತ್ತದೆ. ಪೂರ್ಣ ತಪ್ಪಿದರೆ ಮೃಗಕ್ಕೆ ಪುಣ್ಯ. ಅರೆಬರೆ ತಗುಲಿದರೆ ಗಾಯಗೊಂಡ ಮೃಗ ಕಾಡು ಸೇರುತ್ತದೆ. ಅದರ ಮುಂದಿನ ಕೋಪಕ್ಕೆ ಈಡಾಗುವವರು ಬೇಟೆಗಾರನಲ್ಲ, ಸೌದೆಗೆ ಹೋದವರು, ದನ ಕಾಯುವವರು. ಒದೆತವನ್ನು ತಗ್ಗಿಸುವ ಪ್ರಶ್ನೆಯನ್ನು ಬೇಟೆಗಾರನ ಭುಜದ ಸುಖದ ಪ್ರಶ್ನೆಯೆಂದು ಮಾತ್ರ ನಾವು ತಿಳಿಯಬಾರದು.

ಮೈಸೂರು ಸೀಮೆಯಲ್ಲಿ

ಈ ಭಾರಿ ಕೋವಿಗಳ ಕಾಲವನ್ನು ಕನ್ನಡ ನೆಲದಲ್ಲಿ ಪ್ರತಿನಿಧಿಸಿದವನು ಜಾರ್ಜ್ ಪೀ. ಸ್ಯಾಂಡರ್ಸನ್. 1864ರಲ್ಲಿ ಹುಡುಗನಾಗಿ ಬಂದು, ಕನ್ನಡ ಕಲಿತು, ಮೈಸೂರು ಸರಕಾರದ ಕಾಲುವೆಗಳ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವನು. ಚಾಮರಾಜನಗರದ ಬಳಿ ನೆಲೆಸಿ 1874ರಲ್ಲಿ ಆನೆಗಳ ಹಿಂಡನ್ನು ಸುತ್ತುವರಿದು ಹಿಡಿಯುವ ಖೆಡ್ಡಾವನ್ನು ಯಶಸ್ವಿಯಾಗಿ ನಡೆಸಿದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಕಾಡಿನ ಕುರುಬರೂ ಅವನಿಗೆ ಕಾಡಿನ ಗುರುಗಳು. ಹೆಜ್ಜೆ ಹಿಡಿಯುವುದು, ಗಾಳಿಯ ದಿಕ್ಕು ಅರಿಯುವುದು, ಆನೆಯ ಮನಸ್ಸು ತಿಳಿಯುವುದು ಇವೆಲ್ಲವನ್ನೂ ಅವರಿಂದ ಕಲಿತದ್ದನ್ನು 1878ರ ತನ್ನ ಗ್ರಂಥದಲ್ಲಿ ಆತ ವಿವರವಾಗಿ ಬರೆದಿದ್ದಾನೆ.

ಆನೆಗೆ ಹತ್ತಿರದಿಂದಲೇ ಹೊಡೆಯಬೇಕು, ಆಗ ಭಾರಿ ಕೋವಿಯೇ ಬೇಕು ಎಂಬ ಪಕ್ಷ ಅವನದು. ನಾಲ್ಕು ಬೋರು, ಎಂಟು ಬೋರುಗಳನ್ನೇ ಅವನು ಬಳಸುತ್ತಿದ್ದ. ಮದ್ದಿನ ಪ್ರಮಾಣ ಹತ್ತು ಹನ್ನೆರಡು ಡ್ರಾಂ. ಬೇಕರನಂತೆ ಅವನೂ ಒದೆತವನ್ನು ತೂಕದಿಂದಲೇ ಪಳಗಿಸಿದ. ಆದರೆ ಆ ತೂಕವನ್ನು ಹೊತ್ತವರು ಯಾರು? ಎಂಟು ಕಿಲೋ ತೂಗುವ ಕೋವಿಯನ್ನು ಬೆಳಗಿನಿಂದ ಹಗಲೆಲ್ಲ ಬಿದಿರುಮೆಳೆಗಳ ನಡುವೆ ಬೇಟೆಗಾರನೊಬ್ಬನೇ ಹೊತ್ತು ನಡೆಯಲಾರ. ಅದು ಜೊತೆಯ ಆಳುಗಳ ಹೆಗಲ ಮೇಲಿರುತ್ತಿತ್ತು. ಆನೆ ಕಂಡ ಗಳಿಗೆಯಲ್ಲಿ ಮಾತ್ರ ಸಾಹೇಬನ ಕೈಗೆ ಬರುತ್ತಿತ್ತು. ಸಾಹೇಬನ ಭುಜ ಉಳಿಸಿದ ಆ ಭಾರ ಇನ್ನೊಬ್ಬನ ಬೆನ್ನಿಗೆ ಬಿದ್ದಿತ್ತು ಎಂಬುದನ್ನು ಬೇಟೆಯ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ನಾವು ಓದುವಾಗ ಸೇರಿಸಿಕೊಂಡು ಓದಬೇಕು.

ಲೆಕ್ಕ ಹೇಳುವುದೇನು?

ಒದೆತದ ಹಿಂದಿರುವುದು ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಹೋಗುವಾಗ ಪಡೆಯುವ ಸಂವೇಗದಷ್ಟೇ ಸಂವೇಗವನ್ನು ಕೋವಿ ಹಿಂದಕ್ಕೆ ಪಡೆಯುತ್ತದೆ. ನಳಿಗೆಯಿಂದ ನುಗ್ಗುವ ಮದ್ದಿನ ಅನಿಲವೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಅನಿಲದ ಪಾಲನ್ನು ಬದಿಗಿಟ್ಟು ಒಂದು ಸರಳ ಲೆಕ್ಕ ಮಾಡೋಣ. 113 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತೆನ್ನಿ; ಕೋವಿ 6 ಕಿಲೋ ಇದೆಯೆನ್ನಿ. ಕೋವಿ ಸೆಕೆಂಡಿಗೆ ಏಳೂವರೆ ಮೀಟರ್ ವೇಗದಲ್ಲಿ ಭುಜಕ್ಕೆ ಬಡಿಯುತ್ತದೆ; ಆ ಬಡಿತದ ಶಕ್ತಿ ಸುಮಾರು 170 ಜೂಲ್. ಹದಿನೇಳು ಕಿಲೋ ಮೂಟೆಯೊಂದು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಅದೇ ಗುಂಡನ್ನು ಅದೇ ವೇಗದಲ್ಲಿ 9 ಕಿಲೋ ಕೋವಿಯಿಂದ ಹಾರಿಸಿದರೆ ಬಡಿತ ಸುಮಾರು 113 ಜೂಲ್‌ಗೆ ಇಳಿಯುತ್ತದೆ. ಕೋವಿಯ ತೂಕ 6 ಕಿಲೋವನ್ನೇ ಉಳಿಸಿ, ಮದ್ದು ತಗ್ಗಿಸಿ, ಗುಂಡಿನ ವೇಗವನ್ನು 300 ಮೀಟರಿಗೆ ಇಳಿಸಿದರೆ ಬಡಿತ 96 ಜೂಲ್ ಆಗುತ್ತದೆ.

ವೇಗವನ್ನು ಕಾಲುಭಾಗ ಮಾತ್ರ ಇಳಿಸಿದರೂ ಒದೆತದ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂಬುದು ಇಲ್ಲಿಯ ಸಾರ. ಮದ್ದು ತಗ್ಗಿಸುವ ಮಾರ್ಗದ ಆಕರ್ಷಣೆ ಇದೇ. ಆದರೆ ಅದೇ ನಿಯಮ ಗುಂಡಿಗೂ ಅನ್ವಯಿಸುತ್ತದೆ: ಗುಂಡಿನ ಶಕ್ತಿಯೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಬರುತ್ತದೆ. ಒದೆತ ತಗ್ಗಿಸುವ ಎಲ್ಲ ಪ್ರಯತ್ನಗಳೂ ಈ ಎರಡರ ನಡುವಿನ ಚೌಕಾಸಿ.

ಈ ಚೌಕಾಸಿಯ ಸ್ಪಷ್ಟ ನಿದರ್ಶನವೊಂದು ಅಮೆರಿಕದ ಸೈನ್ಯದಲ್ಲಿ ಸಿಗುತ್ತದೆ. 1873ರಲ್ಲಿ ಅಲ್ಲಿ ಜಾರಿಗೆ ಬಂದ .45 ಅಂಗುಲದ ರೈಫಲ್ಲಿಗೆ 70 ಗ್ರೇನ್ ಕರಿಮದ್ದು, 405 ಗ್ರೇನ್ ಗುಂಡು. ಕುದುರೆ ಸವಾರರಿಗೆ ಕೊಟ್ಟ ಕಾರ್ಬೈನು ಅದಕ್ಕಿಂತ ಗಿಡ್ಡ, ಹಗುರ. ಅದೇ ತೋಟೆ ಅದರಲ್ಲಿ ಹಾರಿದರೆ ಸವಾರನ ಭುಜ ತಾಳದು. ಆದ್ದರಿಂದ ಕಾರ್ಬೈನಿಗೆಂದೇ ಅದೇ ಗುಂಡಿಗೆ 55 ಗ್ರೇನ್ ಮದ್ದಿನ ಬೇರೆ ತೋಟೆಯನ್ನು ತಯಾರಿಸಿದರು. ಒದೆತವನ್ನು ತಗ್ಗಿಸಲೆಂದೇ ಅಳೆದು ತುಂಬಿದ ತೋಟೆಗಳಲ್ಲಿ ಇದು ಹೆಸರಾಂತ ಆರಂಭ. ಹಿತ್ತಾಳೆಯ ತೋಟೆ ಬಳಕೆಗೆ ಬಂದ ಮೇಲೆ ಒಮ್ಮೆ ಹಾರಿಸಿದ ತೋಟೆಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವ ಪದ್ಧತಿಯೂ ಬೆಳೆಯಿತು. ಊರಿಂದ ನೂರಾರು ಮೈಲು ದೂರದ ಕಾಡುಗಳಲ್ಲಿದ್ದವರಿಗೆ ಅದು ಅನಿವಾರ್ಯವೂ ಆಗಿತ್ತು. 1884ರಲ್ಲಿ ಅಮೆರಿಕದಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿ ಇಂಥ ಉಪಕರಣಗಳನ್ನೂ ತೋಟೆ ತುಂಬುವ ಕೈಪಿಡಿಗಳನ್ನೂ ಜನರಿಗೆ ಒದಗಿಸಿತು.

ಹೊಗೆಯಿಲ್ಲದ ಮದ್ದು ಮತ್ತು ನಮ್ಮ ಬೆಟ್ಟ

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಯಶಸ್ವಿಯಾಗಿ ತಯಾರಿಸಿದ. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಬ್ಯಾಲಿಸ್ಟೈಟನ್ನು ಕಂಡುಹಿಡಿದ. 1889ರಲ್ಲಿ ಬ್ರಿಟನ್ನಿನ ಏಬೆಲ್ ಮತ್ತು ಡ್ಯೂವರ್ ಕಾರ್ಡೈಟನ್ನು ರೂಪಿಸಿದರು. ನೈಟ್ರೋಗ್ಲಿಸರಿನ್ 58 ಪಾಲು, ಹತ್ತಿಯಿಂದ ಮಾಡಿದ ಗನ್‌ಕಾಟನ್ 37 ಪಾಲು, ಖನಿಜ ಜೆಲ್ಲಿ 5 ಪಾಲು ಅದರ ಮೊದಲ ಪಾಕ. ಅದು ಅತಿಯಾಗಿ ಬಿಸಿಯೇರಿ ನಳಿಗೆಗಳನ್ನು ಸವೆಸುತ್ತಿತ್ತೆಂದು ಬೋಯರ್ ಯುದ್ಧದ ಅನುಭವದ ನಂತರ ನೈಟ್ರೋಗ್ಲಿಸರಿನ್ನನ್ನು 30 ಪಾಲಿಗೆ ಇಳಿಸಿದ ಹೊಸ ಪಾಕ ಬಂತು.

ಆ ಕಾಲದಲ್ಲಿಯೇ, 1903ರಲ್ಲಿ, ಅರುವಂಕಾಡಿನ ಕಾರ್ಖಾನೆ ಸ್ಥಾಪನೆಯಾಯಿತು. ಕಾಟೇರಿ ಜಲಪಾತದ ನೀರು ಅದಕ್ಕೆ ವಿದ್ಯುತ್ತನ್ನು ಒದಗಿಸಿತು. ಕುನ್ನೂರಿನವರೆಗೆ ಬಂದಿದ್ದ ಬೆಟ್ಟದ ರೈಲು 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಸೈನ್ಯದ ಅಗತ್ಯಕ್ಕೆಂದು ಹುಟ್ಟಿದ ಈ ಕಾರ್ಖಾನೆ ಬೇಟೆಯ ತೋಟೆಗಳಿಗಾಗಿ ಕಟ್ಟಿದ್ದಲ್ಲ. ಆದರೂ ಬೇಟೆಕೋವಿಗಳ ಜಗತ್ತನ್ನು ತಲೆಕೆಳಗು ಮಾಡಿದ ಪದಾರ್ಥವೇ ನಮ್ಮ ಬೆಟ್ಟದಲ್ಲಿ ತಯಾರಾಗತೊಡಗಿತು ಎಂಬುದು ಗಮನಾರ್ಹ.

ಬದಲಾವಣೆ ಎಷ್ಟು ದೊಡ್ಡದೆಂದು ಒಂದು ಹೋಲಿಕೆಯಿಂದ ತಿಳಿಯುತ್ತದೆ. ಎಂಟು ಬೋರಿನ ಕೋವಿಗೆ 12 ಡ್ರಾಂ, ಅಂದರೆ ಸುಮಾರು 21 ಗ್ರಾಂ ಕರಿಮದ್ದು ಬೇಕಿತ್ತು. 1898ರಲ್ಲಿ ರಿಗ್ಬಿ ಕಂಪನಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ ತೋಟೆಯಲ್ಲಿ ಇದ್ದುದು 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಕಾರ್ಡೈಟ್. ಅದು 31 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 655 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ಚಿಕ್ಕ ಗುಂಡು, ಹೆಚ್ಚು ವೇಗ, ಹೆಚ್ಚು ಆಳದ ಹೊಡೆತ, ತಗ್ಗಿದ ಒದೆತ, ಐದು ಕಿಲೋ ಸುಮಾರಿನ ಕೋವಿ. ಇಪ್ಪತ್ತು ಪೌಂಡಿನ ಫಿರಂಗಿಗಳು ಕೆಲವೇ ವರ್ಷಗಳಲ್ಲಿ ಗೋಡೆಯ ಅಲಂಕಾರಗಳಾದವು.

ಆದರೆ ಇಂಗ್ಲೆಂಡಿನ ಚಳಿಯಲ್ಲಿ ಅಳೆದ ಮದ್ದು ಹಿಂದುಸ್ತಾನದ ಬಿಸಿಲಿನಲ್ಲಿ ಬೇರೆಯೇ ಸ್ವಭಾವ ತೋರಿತು. ಕಾರ್ಡೈಟ್ ಬೆಚ್ಚಗಾದಷ್ಟೂ ಚುರುಕಾಗಿ ಉರಿಯುತ್ತದೆ, ನಳಿಗೆಯೊಳಗಿನ ಒತ್ತಡ ಏರುತ್ತದೆ. ಬಿಸಿಲಿನಲ್ಲಿ ಕಾದ ಕೋವಿಯಲ್ಲಿ ಹಾರಿದ ತೋಟೆ ಉಬ್ಬಿ ಹೊರಬರದೆ ಸಿಕ್ಕಿಕೊಳ್ಳುತ್ತಿತ್ತು. ಗಾಯಗೊಂಡ ಹುಲಿ ಎದುರಿಗಿದ್ದಾಗ ಖಾಲಿ ತೋಟೆ ಸಿಕ್ಕಿಕೊಂಡರೆ ಜೋಡುನಳಿಗೆಯ ಕೋವಿ ಬರಿಯ ದೊಣ್ಣೆ. ಇದಕ್ಕೆ ಕಂಪನಿಗಳು ಎರಡು ಪರಿಹಾರ ಕಂಡುಕೊಂಡವು. ಒಂದು, ಉಷ್ಣದೇಶಗಳಿಗೆಂದೇ ಮದ್ದು ತಗ್ಗಿಸಿದ ತೋಟೆಗಳನ್ನು ತಯಾರಿಸುವುದು. ಇನ್ನೊಂದು, ತೋಟೆಯ ರಚನೆಯನ್ನೇ ತಿದ್ದುವುದು, ಜೆಫ್ರಿ ಕಂಪನಿಯು.450/400 ತೋಟೆಯನ್ನು ಮೂರು ಅಂಗುಲಕ್ಕೆ ಗಿಡ್ಡಗೊಳಿಸಿ, ಅಂಚನ್ನು ದಪ್ಪಗೊಳಿಸಿದ್ದು ಹೀಗೆ. ಅಳತೆಯೆಂಬುದು ದೇಶಕ್ಕೆ ತಕ್ಕಂತೆ, ಋತುವಿಗೆ ತಕ್ಕಂತೆ ಬದಲಾಗಬೇಕೆಂಬ ಪಾಠವನ್ನು ನಮ್ಮ ಬಿಸಿಲು ಕಲಿಸಿತು.

ಹಳೆಯ ಕೋವಿಗೆ ಹೊಸ ಮದ್ದು

ಇನ್ನೊಂದು ತೊಡಕು ಎದುರಾಯಿತು. ಕರಿಮದ್ದಿಗಾಗಿ ಮಾಡಿದ ಸಾವಿರಾರು ಒಳ್ಳೆಯ ರೈಫಲ್ಲುಗಳು ಜನರ ಮನೆಗಳಲ್ಲಿದ್ದವು. ಅವುಗಳ ತೋಟೆಗೂ ಹೊಸ ಕಾರ್ಡೈಟ್ ತೋಟೆಗೂ ಎಷ್ಟೋ ವೇಳೆ ಗಾತ್ರ ಒಂದೇ. ಪೂರ್ಣ ಬಲದ ಕಾರ್ಡೈಟನ್ನು ಹಳೆಯ ಕೋವಿಯಲ್ಲಿ ಹಾರಿಸಿದರೆ ನಳಿಗೆ ಬಿರಿದು ಹಾರಿಸಿದವನ ಕೈ ಕಣ್ಣುಗಳಿಗೇ ಅಪಾಯ. ಇದಕ್ಕಾಗಿ ಕಂಪನಿಗಳು, ಕರಿಮದ್ದಿನ ಒತ್ತಡವನ್ನು ಮೀರದಂತೆ ಅಳತೆ ತಗ್ಗಿಸಿದ ಕಾರ್ಡೈಟ್ ತೋಟೆಗಳನ್ನು ತಯಾರಿಸಿ, ಕರಿಮದ್ದಿನ ಕೋವಿಗಳಿಗೆಂದೇ ಗುರುತು ಹಾಕಿ ಮಾರಿದವು. ದೊಡ್ಡ ತೋಟೆಯಲ್ಲಿ ಅಷ್ಟು ಕಡಿಮೆ ಮದ್ದು ಅತ್ತಿತ್ತ ಹೊರಳದಂತೆ ಮೇಲೆ ಬಿರಡೆಯನ್ನಿಟ್ಟು ಕೇಪಿನ ಬಳಿಯೇ ಕೂರಿಸಿದರು. ಹೊಗೆಯಿಲ್ಲ, ಮಸಿಯಿಲ್ಲ, ಒದೆತವೂ ಕಡಿಮೆ. ಭಾರಿ ಕೋವಿಗೆ ಸುರಕ್ಷಿತವಾದ ತಗ್ಗು ಈಡನ್ನು ರೂಪಿಸಿದ ಚರಿತ್ರೆಯಲ್ಲಿ ಇದು ಮುಖ್ಯ ಮೈಲಿಗಲ್ಲು.

ಆ ಬಿರಡೆಯ ಹಿಂದೆ ಒಂದು ಗಂಭೀರ ಅನುಭವವಿದೆ. ಮದ್ದು ಕಡಿಮೆ ಮಾಡಿದರೆ ಅಪಾಯವೂ ಕಡಿಮೆಯಾಗಬೇಕೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಹೊಗೆಯಿಲ್ಲದ ಮದ್ದಿನ ವಿಷಯದಲ್ಲಿ ಇದು ಯಾವಾಗಲೂ ನಿಜವಲ್ಲ. ನಿಧಾನವಾಗಿ ಉರಿಯಬೇಕಾದ ಮದ್ದನ್ನು ದೊಡ್ಡ ತೋಟೆಯಲ್ಲಿ ತೀರ ಕಡಿಮೆ ಹಾಕಿದರೆ, ಅದು ತಳದಲ್ಲಿ ಹರಡಿ ಮಲಗುತ್ತದೆ. ಕೇಪಿನ ಕಿಡಿ ಅದರ ಮೇಲಿಂದಲೇ ಹಾದುಹೋಗುತ್ತದೆ. ಹೊತ್ತಿಕೊಳ್ಳುವ ಕ್ರಮವೇ ಕೆಡುತ್ತದೆ. ಕೆಲವೊಮ್ಮೆ ಗುಂಡು ನಳಿಗೆಯ ಬಾಯಲ್ಲಿ ತಡೆದುನಿಂತು, ಹಿಂದಿನಿಂದ ಒತ್ತಡವು ಥಟ್ಟನೆ ಮೇಲೇರಿ ಕೋವಿಯೇ ಛಿದ್ರವಾಗುತ್ತದೆ. ಇದರ ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದ್ದರೂ ಎಚ್ಚರಿಕೆಯ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

ಎರಡನೆಯ ಅಪಾಯ: ಮದ್ದು ಸಾಲದೆ ಗುಂಡು ನಳಿಗೆಯ ನಡುವೆ ನಿಂತುಬಿಡುವುದು. ಅದನ್ನು ಗಮನಿಸದೆ ಮುಂದಿನ ಈಡು ಹಾರಿಸಿದರೆ ನಳಿಗೆ ಸೀಳುತ್ತದೆ. ಮೂರನೆಯದು ಸೆಲೂಸನ ಕಥೆಯನ್ನೇ ನೆನಪಿಸುವಂಥದ್ದು: ತೋಟೆಯ ಅರ್ಧವೂ ತುಂಬದ ಅಳತೆಯಾದರೆ, ಮೈಮರೆತು ಎರಡು ಸಲ ಸುರಿದರೂ ಕಣ್ಣಿಗೆ ಕಾಣುವುದಿಲ್ಲ. ಪೂರ್ಣ ಅಳತೆಯಾಗಿದ್ದರೆ ಎರಡನೆಯ ಸಲ ಚೆಲ್ಲಿಹೋಗಿ ತಪ್ಪು ತಾನೇ ಬಯಲಾಗುತ್ತಿತ್ತು. ಹಳೆಯ ಬಾಯಿಮದ್ದಿನ ಕೋವಿಗೂ ಇಂಥದ್ದೇ ಒಂದು ನಿಯಮವಿತ್ತು. ಗುಂಡು ಮದ್ದಿನ ಮೇಲೆಯೇ ಕೂರಬೇಕು, ನಡುವೆ ಖಾಲಿ ಜಾಗ ಉಳಿಯಬಾರದು. ಗಜದ ಕೋಲಿನಿಂದ ಗಟ್ಟಿಯಾಗಿ ಇಡಿದು ನೋಡಬೇಕು. ತಂತ್ರ ಬದಲಾದರೂ ಎಚ್ಚರದ ಮೂಲಸೂತ್ರ ಬದಲಾಗಲಿಲ್ಲ.

ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಬ್ರಿಟನ್ನಿನ ಕೈನಾಕ್ ಕಂಪನಿ ಭಾರಿ ಬೇಟೆತೋಟೆಗಳ ತಯಾರಿಕೆಯನ್ನು ಒಂದೊಂದಾಗಿ ನಿಲ್ಲಿಸಿತು. ಹಳೆಯ ಜೋಡುನಳಿಗೆಗಳ ಒಡೆಯರು, ವಿಶೇಷವಾಗಿ ಅಮೆರಿಕದಲ್ಲಿ, ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳಬೇಕಾಯಿತು. ಒದೆತ ತಗ್ಗಿಸಲು ಅವರು ಹಿಡಿದ ದಾರಿಗಳು ಹಳೆಯವೇ: ಹಗುರವಾದ ಗುಂಡು, ಎರಕದ ಸೀಸದ ಗುಂಡು, ತಗ್ಗು ಅಳತೆಯಲ್ಲಿಯೂ ಕ್ರಮವಾಗಿ ಉರಿಯುವ ಜಾತಿಯ ಮದ್ದು. ಇವರ ನಡುವೆ ಬೆಳೆದು ನಿಂತ ಶಿಸ್ತು ಮುಖ್ಯವಾದುದು. ಮದ್ದು ತಯಾರಿಸಿದವರೇ ಒತ್ತಡ ಅಳೆದು ಪ್ರಕಟಿಸಿದ ಪಟ್ಟಿಯೇ ಪ್ರಮಾಣ. ಅದರ ಮೇಲಿನ ಮಿತಿಯನ್ನು ಹೇಗೋ ಹಾಗೆ ಕೆಳಗಿನ ಮಿತಿಯನ್ನೂ ದಾಟಬಾರದು. ಒಂದು ಮದ್ದಿನ ಲೆಕ್ಕ ಇನ್ನೊಂದಕ್ಕೆ ಹೊಂದದು. ಊಹೆಗೆ ಇಲ್ಲಿ ಎಡೆಯಿಲ್ಲ.

ಸಣ್ಣ ಕೋವಿಯ ಉತ್ತರ

ಒದೆತದ ಪ್ರಶ್ನೆಗೆ ತೀರ ಬೇರೆಯದೇ ಉತ್ತರ ಕೊಟ್ಟವನು ಆಫ್ರಿಕಾದಲ್ಲಿ ಬೇಟೆಯಾಡಿದ ಡಬ್ಲ್ಯು. ಡಿ. ಎಂ. ಬೆಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು, ಅವುಗಳಲ್ಲಿ ಬಹುಪಾಲನ್ನು ಏಳು ಮಿಲಿಮೀಟರಿನ ಹಗುರ ರೈಫಲ್ಲಿನಿಂದಲೇ ಕೊಂದ. ಆನೆಯ ತಲೆಬುರುಡೆಯ ರಚನೆಯನ್ನು ಅಭ್ಯಾಸ ಮಾಡಿ, ಒದೆತವಿಲ್ಲದ ಕೋವಿಯಿಂದ ಕರಾರುವಾಕ್ಕಾಗಿ ಗುರಿಯಿಡುವುದೇ ಅವನ ಗುಟ್ಟು. ಬಲಕ್ಕಿಂತ ಗುರಿ ಹಿರಿದೆಂಬ ಅವನ ಸಿದ್ಧಾಂತ ಸರಿಯೇ. ಆದರೆ ಸಾವಿರ ಆನೆಗಳ ಲೆಕ್ಕ ಓದುವಾಗ ಇಂದು ನಮಗೆ ಮೆಚ್ಚುಗೆಗಿಂತ ಸಂಕಟವೇ ಹೆಚ್ಚು.

ನಮ್ಮ ಗಡಿಯ ಕಾಡುಗಳಲ್ಲಿ ಆ ಕಾಲದ ಕೊನೆಯ ಹೆಸರಾಂತ ಬೇಟೆಗಾರ ಬೆಂಗಳೂರಿನ ಕೆನೆತ್ ಆಂಡರ್ಸನ್. ಹೊಸೂರು ಸೀಮೆಯ ಜವಳಗಿರಿಯ ನರಭಕ್ಷಕ ಹುಲಿಯ ಕಥೆ 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿದೆ. ಅವರ ಕೈಯಲ್ಲಿದ್ದುದು .405 ವಿಂಚೆಸ್ಟರ್, 1904ರಲ್ಲಿ ಬಂದ ತೋಟೆ. ಅದೂ ಚೆನ್ನಾಗಿಯೇ ಒದೆಯುವ ಕೋವಿ. ಆದರೆ ಒಬ್ಬನೇ ಹೊತ್ತು ರಾತ್ರಿಯೆಲ್ಲ ಕಾಡು ತಿರುಗಬಹುದಾದಷ್ಟು ಹಗುರ. ಸ್ಯಾಂಡರ್ಸನ್ನನ ಎಂಟು ಬೋರಿನಿಂದ ಆಂಡರ್ಸನ್ನರ .405ರವರೆಗಿನ ದಾರಿಯಲ್ಲಿ ಕೋವಿ ಆಳಿನ ಹೆಗಲಿಂದ ಇಳಿದು ಒಡೆಯನ ಕೈಗೇ ಬಂದಿತ್ತು.

ಅಳತೆಯ ಕೊನೆಯ ಮಾತು

ಬೇಟೆಗೂ ಅಳತೆ ಬೇಕೆಂಬ ಅರಿವು ಮೂಡಲು ಹೆಚ್ಚು ಕಾಲ ಹಿಡಿಯಿತು. ಮದರಾಸು ಆಧಿಪತ್ಯದಲ್ಲಿ ಕಾಡಾನೆಗಳ ರಕ್ಷಣೆಗೆ 1873ರಲ್ಲಿ ಕಾಯಿದೆ ಬಂತು. ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣೆಗೆ 1879ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಅವು ಬಹುಮಟ್ಟಿಗೆ ಮುಂದಿನ ಬೇಟೆಗೆ ಮೃಗಗಳು ಉಳಿಯಲೆಂಬ ದೃಷ್ಟಿಯವು. ಮೃಗಗಳು ತಮಗಾಗಿಯೇ ಉಳಿಯಬೇಕೆಂಬ ದೃಷ್ಟಿ ದೇಶದ ಕಾನೂನಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ಇಂದು ಮುದುಮಲೆ, ಬಂಡೀಪುರ, ವಯನಾಡು, ಸತ್ಯಮಂಗಲ ಕಾಡುಗಳಲ್ಲಿ ಆನೆಗಳು ರಾಜ್ಯದ ಗಡಿಗಳನ್ನು ಲೆಕ್ಕಿಸದೆ ಓಡಾಡುತ್ತವೆ. ನಮ್ಮಂತೆಯೇ ಅವೂ ಗಡಿನಾಡಿನವು.

ಇಷ್ಟಾದರೂ ಭಾರಿ ಕೋವಿಯ ಈ ಚರಿತ್ರೆಯನ್ನು ನಾವು ಮರೆಯಬೇಕಾಗಿಲ್ಲ. ಬಲವನ್ನು ಹೆಚ್ಚಿಸುತ್ತ ಹೋದವರು ಕೊನೆಗೆ ತಮ್ಮ ಕೈಯಲ್ಲಿದ್ದುದಕ್ಕೆ ತಾವೇ ಹೆದರಿದರು. ಬಲವನ್ನು ತಗ್ಗಿಸಲು ಹೊರಟವರು, ತಗ್ಗಿಸುವುದಕ್ಕೂ ವಿದ್ಯೆ ಬೇಕೆಂದು ಕಷ್ಟಪಟ್ಟು ಕಲಿತರು. ಬಿಸಿಲು, ಚಳಿ, ಕೋವಿಯ ವಯಸ್ಸು, ಹೊರುವವನ ಹೆಗಲು, ಹಾರಿಸುವವನ ಭುಜ ಎಲ್ಲವನ್ನೂ ಗಣನೆಗೆ ತಂದಾಗಲೇ ಅಳತೆ ಅಳತೆಯಾಯಿತು. ಅರುವಂಕಾಡಿನ ನಿಲ್ದಾಣದಲ್ಲಿ ಮುಂದಿನ ಸಲ ರೈಲು ನಿಂತಾಗ ಫಲಕದತ್ತ ಒಮ್ಮೆ ನೋಡೋಣ. ನಮ್ಮ ಹಿರಿಯರು ಔಷಧಕ್ಕೂ ಸಿಡಿಮದ್ದಿಗೂ ಒಂದೇ ಹೆಸರಿಟ್ಟದ್ದು ಎಷ್ಟು ಸರಿ ಎಂಬುದು ಆಗ ನೆನಪಾದೀತು.